ಎಂಟು ದಿನಗಳ ಲೆಕ್ಕ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಮಲೆನಾಡಿನಿಂದ ರಾತ್ರಿ ಹೊರಡುವ ಬಸ್ಸುಗಳು ಬೆಳಗಿನ ಜಾವ ಬೆಂಗಳೂರನ್ನು ಪ್ರವೇಶಿಸುವುದು ನಗರದ ಪಶ್ಚಿಮ ದಿಕ್ಕಿನಿಂದ. ಶಿವಮೊಗ್ಗ, ಚಿಕ್ಕಮಗಳೂರು ಕಡೆಯವು ತುಮಕೂರು ರಸ್ತೆ ಹಿಡಿದು ಯಶವಂತಪುರ, ರಾಜಾಜಿನಗರ ದಾಟಿ ಮೆಜೆಸ್ಟಿಕ್ ಸೇರುತ್ತವೆ. ಮಡಿಕೇರಿ ಕಡೆಯವು ಕೆಂಗೇರಿಯ ಮೂಲಕ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಬರುತ್ತವೆ. ಈ ಕಾರಣದಿಂದಲೋ ಏನೋ, ಬೆಟ್ಟದ ಊರುಗಳನ್ನು ಬಿಟ್ಟು ಉದ್ಯೋಗಕ್ಕೆಂದು ಹೋದ ಅನೇಕ ಕುಟುಂಬಗಳು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲೇ ನೆಲೆಸಿವೆ. ಊರಿನಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಈ ಮನೆಗಳ ವಿಳಾಸ. ಇಂದಿನ ಮಾತು ಅಂಥ ಒಂದು ಮನೆಯಿಂದ ಆರಂಭವಾಗಬೇಕಾಗಿದೆ.

ಕೊಪ್ಪ ತಾಲೂಕಿನ ಕಡೆಯ, ನಲವತ್ತರ ಆಸುಪಾಸಿನ ಗೃಹಿಣಿಯೊಬ್ಬರು ಎಂದಿಟ್ಟುಕೊಳ್ಳಬಹುದು. ಇದು ನಿರ್ದಿಷ್ಟ ವ್ಯಕ್ತಿಯ ವೃತ್ತಾಂತವಲ್ಲ, ಉದಾಹರಣೆ ಮಾತ್ರ. ಕೊರಳಿನಲ್ಲಿ ಕಾಣಿಸಿಕೊಂಡ ಗಂಟು ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಗಿ, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಗ್ರಂಥಿಯನ್ನು ಪೂರ್ಣವಾಗಿ ತೆಗೆದಿದ್ದಾರೆ. ಕೆಲವು ವಾರಗಳ ಬಳಿಕ ವಿಕಿರಣಶೀಲ ಅಯೋಡಿನ್ ಕೊಟ್ಟು, ಮೂರು ದಿನ ಪ್ರತ್ಯೇಕ ಕೋಣೆಯಲ್ಲಿರಿಸಿ, ಮನೆಗೆ ಹೋಗಬಹುದೆಂದು ಹೇಳಿದ್ದಾರೆ. ಆದರೆ ಯಾವ ಮನೆಗೆ? ಅಂದಿನ ರಾತ್ರಿ ಬಸ್ಸಿನಲ್ಲಿ ಎಂಟು ಗಂಟೆ ಕುಳಿತು ಊರಿಗೆ ಹೋಗಕೂಡದೆಂದು ವೈದ್ಯರ ಸೂಚನೆ. ವಿಜಯನಗರದಲ್ಲಿರುವ ತಮ್ಮನ ಮನೆ 20×30 ಅಡಿ ನಿವೇಶನದ ಮೇಲಿನ ಬಾಡಿಗೆ ಮನೆ. ಎರಡು ಕೋಣೆ, ಒಂದೇ ಬಚ್ಚಲು, ನಾಲ್ಕು ವರ್ಷದ ಮಗು, ಜೊತೆಗೆ ತಮ್ಮನ ಹೆಂಡತಿ ಐದು ತಿಂಗಳ ಗರ್ಭಿಣಿ. ಆಸ್ಪತ್ರೆಯಲ್ಲಿ ಕೈಗಿತ್ತ ಸೂಚನಾಪತ್ರದಲ್ಲಿ ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕೆಂದು ಬರೆದಿದೆ. ಚಿಕಿತ್ಸೆಗೆ ಹಣ ಹೊಂದಿಸಿದ ಕುಟುಂಬಕ್ಕೆ ಈ ನಾಲ್ಕೈದು ದಿನಗಳ ವಾಸದ ಪ್ರಶ್ನೆ ಮೊದಲೇ ಹೊಳೆದಿರುವುದಿಲ್ಲ. ಮೊದಲೇ ಹೊಳೆಯಬೇಕಾದರೆ ಆ ಔಷಧವೇನು, ಅದರ ವಿಕಿರಣ ಎಷ್ಟು ದೂರ ಹೋಗುತ್ತದೆ, ಎಷ್ಟು ದಿನ ಇರುತ್ತದೆ ಎಂಬುದು ತಿಳಿದಿರಬೇಕು.

ಥೈರಾಯ್ಡ್ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಇಪ್ಪತ್ತು ಗ್ರಾಂ ತೂಕದ ಗ್ರಂಥಿ. ದೇಹದ ಉಷ್ಣ, ನಾಡಿ, ಬೆಳವಣಿಗೆಗಳನ್ನು ನಿಯಂತ್ರಿಸುವ ಹಾರ್ಮೋನನ್ನು ಅದು ತಯಾರಿಸುತ್ತದೆ. ಆ ತಯಾರಿಕೆಗೆ ಅಯೋಡಿನ್ ಅನಿವಾರ್ಯ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ ಮಾತ್ರ. ಎಪ್ಪತ್ತು ವರ್ಷ ಬದುಕಿದವರು ಜೀವಮಾನವಿಡೀ ಬಳಸುವ ಅಯೋಡಿನ್ ನಾಲ್ಕು ಗ್ರಾಮನ್ನೂ ಮುಟ್ಟದು. ಇಷ್ಟು ಅಲ್ಪ ವಸ್ತುವನ್ನು ರಕ್ತದಿಂದ ಹೆಕ್ಕಿ ತೆಗೆಯುವ ವಿಶೇಷ ಸಾಮರ್ಥ್ಯವನ್ನು ಥೈರಾಯ್ಡ್ ಜೀವಕೋಶಗಳು ಪಡೆದಿವೆ.

ಬೆಟ್ಟದ ಜನರಿಗೆ ಅಯೋಡಿನ್ ಹೊಸ ಹೆಸರಲ್ಲ. ಶತಮಾನಗಳ ಮಳೆ ಬೆಟ್ಟದ ಮಣ್ಣಿನಲ್ಲಿದ್ದ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಸಾಗಿಸುತ್ತದೆ. ಹೀಗಾಗಿ ಜಗತ್ತಿನ ಅನೇಕ ಪರ್ವತ ಪ್ರದೇಶಗಳಲ್ಲಿ ಗಳಗಂಡ ಕಾಣಿಸಿಕೊಂಡಿತು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕೆಲವು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಇನ್ನೊಂದು ಭಾಗಕ್ಕೆ ಸಾಮಾನ್ಯ ಉಪ್ಪನ್ನೂ ಕೊಟ್ಟು, ಗಳಗಂಡ ಉಪ್ಪಿನಿಂದಲೇ ತಗ್ಗುತ್ತದೆಂದು ತೋರಿಸಿದರು. ಅದರ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮಲೆನಾಡಿನ ಅಂಗಡಿಗಳಲ್ಲಿ ಕಲ್ಲುಪ್ಪಿನ ಮೂಟೆಯ ಸ್ಥಾನದಲ್ಲಿ ಪೊಟ್ಟಣದ ಪುಡಿ ಉಪ್ಪು ಬಂದು ಕುಳಿತುದರ ಹಿಂದೆ ಈ ಕಥೆಯಿದೆ.

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಪ್ಯಾಪಿಲರಿ ಎಂಬ ಬಗೆ; ಅದರ ನಂತರದ್ದು ಫಾಲಿಕ್ಯುಲರ್. ಇವೆರಡರ ಕೋಶಗಳು ಕೆಟ್ಟರೂ ತಾಯಿಗ್ರಂಥಿಯ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತವೆ: ಅಯೋಡಿನ್ ಸಿಕ್ಕಿದರೆ ಹೀರುತ್ತವೆ. ಮೆಡ್ಯುಲರಿ, ಅನಾಪ್ಲಾಸ್ಟಿಕ್ ಎಂಬ ಇತರ ಬಗೆಗಳು ಹೀರುವುದಿಲ್ಲ. ಅವುಗಳಿಗೆ ಈ ಚಿಕಿತ್ಸೆ ಸಲ್ಲದು. ಶಸ್ತ್ರವೈದ್ಯರು ಎಷ್ಟೇ ನಿಪುಣರಿದ್ದರೂ ಧ್ವನಿಯ ನರಕ್ಕೂ ಪಕ್ಕದ ಸಣ್ಣ ಗ್ರಂಥಿಗಳಿಗೂ ಧಕ್ಕೆಯಾಗದಂತೆ ಕತ್ತರಿಸುವಾಗ ಥೈರಾಯ್ಡಿನ ಚೂರುಗಳು ಉಳಿಯುವುದುಂಟು. ಕೆಲವೊಮ್ಮೆ ಕ್ಯಾನ್ಸರ್ ಕೋಶಗಳು ಕೊರಳಿನ ಹಾಲ್ರಸ ಗ್ರಂಥಿಗಳಿಗೋ ಶ್ವಾಸಕೋಶಕ್ಕೋ ಆಗಲೇ ಹರಡಿರುತ್ತವೆ. ಕತ್ತಿ ತಲುಪದ ಈ ಕೋಶಗಳು ಎಲ್ಲಿ ಅಡಗಿದ್ದರೂ ಅಯೋಡಿನ್ನನ್ನು ಮಾತ್ರ ಕರೆದುಕೊಳ್ಳುತ್ತವೆ. ಆ ಅಯೋಡಿನ್ ವಿಕಿರಣಶೀಲವಾಗಿದ್ದರೆ ಅವು ತಾವಾಗಿಯೇ ತಮ್ಮ ನಾಶವನ್ನು ಒಳಗೆ ತಂದುಕೊಂಡಂತೆ.

ಇದಕ್ಕೆ ಬಳಸುವುದು ಅಯೋಡಿನ್-131. 1938ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಲಿವಿಂಗುಡ್ ಮತ್ತು ಸೀಬೋರ್ಗ್ ಎಂಬವರು ಇದನ್ನು ಕಂಡುಹಿಡಿದರು. 1941ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಜ್ ಎಂಬ ವೈದ್ಯರು ಅತಿಯಾಗಿ ಕೆಲಸ ಮಾಡುವ ಥೈರಾಯ್ಡಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟರು. 1946ರಲ್ಲಿ ನ್ಯೂಯಾರ್ಕಿನ ಸೀಡ್ಲಿನ್ ಮತ್ತು ಸಂಗಡಿಗರು ಹರಡಿದ್ದ ಥೈರಾಯ್ಡ್ ಕ್ಯಾನ್ಸರಿಗೆ ಇದನ್ನು ಕೊಟ್ಟ ವರದಿಯನ್ನು ಪ್ರಕಟಿಸಿದರು. ಭಾರತದಲ್ಲಿ ಮುಂಬಯಿಯ ಪರೇಲಿನಲ್ಲಿ 1963ರಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಆರಂಭವಾಯಿತು. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಟೆಲ್ಲೂರಿಯಂ ಎಂಬ ಧಾತುವನ್ನು ನ್ಯೂಟ್ರಾನುಗಳಿಗೆ ಒಡ್ಡಿ ಅಯೋಡಿನ್-131 ತಯಾರಿಸುತ್ತಾರೆ. ಅಣುಶಕ್ತಿ ಎಂದೊಡನೆ ಮಲೆನಾಡಿನವರ ಕಣ್ಣೆದುರು ಬರುವುದು ಕಾಳಿ ನದಿಯ ದಡದ ಕೈಗಾ. ಆದರೆ ಊರಿನ ಒಬ್ಬ ತಾಯಿಯ ಕೊರಳಿಗೆ ಬರುವ ಔಷಧವೂ ರಿಯಾಕ್ಟರಿನ ಕೂಸೇ.

ಈ ಧಾತುವಿನ ಮುಖ್ಯ ಗುಣ ಅದರ ಅರ್ಧಾಯು. ಇಂದು ನೂರು ಪಾಲು ಇದ್ದರೆ ಎಂಟು ದಿನಗಳ ಬಳಿಕ ಐವತ್ತು, ಹದಿನಾರು ದಿನಗಳಿಗೆ ಇಪ್ಪತ್ತೈದು, ಇಪ್ಪತ್ತನಾಲ್ಕು ದಿನಗಳಿಗೆ ಹನ್ನೆರಡೂವರೆ. ಹತ್ತು ಅರ್ಧಾಯು, ಎಂದರೆ ಎಂಬತ್ತು ದಿನ ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ವಿದ್ಯಾರ್ಥಿಗಳು ಎರಡರಿಂದ ಹತ್ತು ಸಲ ಭಾಗಿಸಿ ನೋಡಬಹುದು, ಉತ್ತರ 1024ರಲ್ಲಿ ಒಂದು. ಕ್ಷಯಿಸುವಾಗ ಅದು ಎರಡು ಬಗೆಯ ವಿಕಿರಣವನ್ನು ಸೂಸುತ್ತದೆ. ಬೀಟಾ ಕಣಗಳು ಅಂಗಾಂಶದಲ್ಲಿ ಹೆಚ್ಚೆಂದರೆ ಎರಡು ಮಿಲಿಮೀಟರ್ ಸಾಗಿ ನಿಲ್ಲುತ್ತವೆ. ರೋಗದ ಕೋಶವನ್ನು ಕೊಲ್ಲುವುದು ಇವೇ, ನೆರೆಯವರಿಗೆ ತಟ್ಟುವುದಿಲ್ಲ. ಗಾಮಾ ಕಿರಣಗಳು ದೇಹವನ್ನು ದಾಟಿ ಹೊರಬರುತ್ತವೆ. ಅಯೋಡಿನ್ ಎಲ್ಲೆಲ್ಲಿ ನೆಲೆಸಿದೆಯೆಂದು ಕ್ಯಾಮೆರಾದಲ್ಲಿ ಚಿತ್ರ ತೆಗೆಯಲು ಅವು ನೆರವಾಗುತ್ತವೆ, ಪಕ್ಕದಲ್ಲಿರುವವರು ದೂರ ಸರಿಯಬೇಕಾದುದೂ ಅವುಗಳಿಂದಲೇ.

ಇಲ್ಲಿ ಕೇಳುಗರಿಗೆ ನ್ಯಾಯವಾದ ಸಂಶಯವೊಂದು ಮೂಡುತ್ತದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸಿಡಿದಾಗ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ತಂದದ್ದು ಇದೇ ಅಯೋಡಿನ್-131 ಅಲ್ಲವೇ? ಹೌದು, ಇದೇ. ಅದು ಗಾಳಿಯಲ್ಲಿ ತೇಲಿ ಹುಲ್ಲಿನ ಮೇಲೆ ಇಳಿಯಿತು, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಕೊರಳಿಗೆ ಹೋಯಿತು. ಬೆಲಾರೂಸ್, ಉಕ್ರೇನ್ ಮತ್ತು ರಷ್ಯದ ಕೆಲವು ಭಾಗಗಳಲ್ಲಿ ಅಂದು ಹದಿನೆಂಟು ತುಂಬದಿದ್ದವರಲ್ಲಿ 2005ರ ವೇಳೆಗೆ 6000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ದೊಡ್ಡ ಪಾಲಿಗೆ ಆ ಹಾಲೇ ಕಾರಣವೆಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ ಒಪ್ಪಿತು. ಒಂದೇ ವಸ್ತು ಅಲ್ಲಿ ರೋಗ, ಇಲ್ಲಿ ಮದ್ದು ಆಗುವುದರಲ್ಲಿ ಪವಾಡವೇನೂ ಇಲ್ಲ. ಆರೋಗ್ಯವಂತ ಮಗುವಿನ ಕೋಶಕ್ಕೆ ಬಿದ್ದ ಪೆಟ್ಟು ಅದನ್ನು ಕೊಲ್ಲದೆ ಗಾಯಗೊಳಿಸಿ ಬಿಟ್ಟಿತು. ಗಾಯಗೊಂಡ ಕೋಶ ವರ್ಷಗಳ ಬಳಿಕ ದಾರಿ ತಪ್ಪಿತು. ಚಿಕಿತ್ಸೆಯಲ್ಲಿ ಕೊಡುವ ಪ್ರಮಾಣ ಕೋಶವನ್ನು ಉಳಿಸುವುದೇ ಇಲ್ಲ. ಹಾಗಾಗಿ ಇದು ಚೆರ್ನೋಬಿಲ್ಲಿನ ಹಾನಿಯನ್ನು ಸುಳ್ಳೆನ್ನುವ ಚಿಕಿತ್ಸೆಯಲ್ಲ. ಕೈಗಾ ಕುರಿತು ಪ್ರಶ್ನೆ ಕೇಳಿದವರು, 1989ರಲ್ಲಿ ಅದೇ ವಿಷಯವನ್ನು ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿದ ಶಿವರಾಮ ಕಾರಂತರೂ ಸೇರಿದಂತೆ, ವಿಕಿರಣ ಎಂಬ ಪದವನ್ನು ಮಲೆನಾಡಿನ ಜಗಲಿಗಳಿಗೆ ತಂದರು. ಆ ಪದದ ಜೊತೆಗೆ ಅಳತೆಯನ್ನೂ ತರುವ ಕೆಲಸ ಅರ್ಧಕ್ಕೆ ನಿಂತಿತೇನೋ. ಎಷ್ಟು, ಎಷ್ಟು ದೂರದಲ್ಲಿ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಲ್ಲದೆ ವಿಕಿರಣದ ಕುರಿತು ಯಾವ ಮಾತೂ ಪೂರ್ಣವಲ್ಲ.

ಚೆರ್ನೋಬಿಲ್ ಬಳಿಕ ಪೋಲೆಂಡ್ ದೇಶ ಸುಮಾರು ಒಂದು ಕೋಟಿ ಮಕ್ಕಳಿಗೆ ಸಾಮಾನ್ಯ ಅಯೋಡಿನ್ ಕುಡಿಸಿತು. ಗ್ರಂಥಿ ಒಳ್ಳೆಯ ಅಯೋಡಿನ್ನಿನಿಂದ ತುಂಬಿದ್ದರೆ ಕೆಟ್ಟದ್ದಕ್ಕೆ ಒಳಗೆ ಜಾಗವಿರದು ಎಂಬುದು ತರ್ಕ. ಕ್ಯಾನ್ಸರ್ ಚಿಕಿತ್ಸೆಯ ಸಿದ್ಧತೆ ಇದರ ತಿರುಗುಮುರುಗು: ಉಳಿದ ಕೋಶಗಳನ್ನು ಅಯೋಡಿನ್ನಿಗಾಗಿ ಹಸಿದಿರುವಂತೆ ಮಾಡಬೇಕು. ಆದ್ದರಿಂದ ಒಂದೆರಡು ವಾರ ಅಯೋಡಿನ್ ಉಪ್ಪು ನಿಷಿದ್ಧ. ಸಮುದ್ರದ ಮೀನು, ಒಣಮೀನು, ಮೊಟ್ಟೆಯ ಹಳದಿ, ಹಾಲು ಮೊಸರು, ಬೇಕರಿ ತಿನಿಸು, ಹೋಟೆಲಿನ ಊಟ ಇವೂ ಬೇಡ. ಭರಣಿಯಲ್ಲಿರುವ ಮಾವಿನಮಿಡಿಗೆ ಕಳೆದ ವರ್ಷ ಯಾವ ಉಪ್ಪು ಹಾಕಿತ್ತೆಂದು ನೆನಪಿಲ್ಲದಿದ್ದರೆ ಅದನ್ನೂ ಮುಟ್ಟಬಾರದು. ಅನ್ನ, ಬೇಳೆ, ತರಕಾರಿ, ಅಕ್ಕಿರೊಟ್ಟಿ, ರಾಗಿಮುದ್ದೆಗಳಿಗೆ ಅಡ್ಡಿಯಿಲ್ಲ, ಹಾಕುವ ಉಪ್ಪು ಅಯೋಡಿನ್ ರಹಿತವಾಗಿರಬೇಕು ಅಷ್ಟೆ. 2006ರಿಂದ ಮನುಷ್ಯರ ಆಹಾರಕ್ಕೆ ಅಯೋಡಿನ್ ರಹಿತ ಉಪ್ಪನ್ನು ಮಾರುವುದಕ್ಕೆ ದೇಶದಾದ್ಯಂತ ನಿರ್ಬಂಧವಿರುವ ಕಾರಣ, ಅದನ್ನು ಎಲ್ಲಿಂದ ಪಡೆಯಬೇಕೆಂದು ಚಿಕಿತ್ಸೆ ನೀಡುವ ವಿಭಾಗದಲ್ಲೇ ವಿಚಾರಿಸುವುದು ಒಳಿತು. ಕಲ್ಲುಪ್ಪೆಂದ ಮಾತ್ರಕ್ಕೆ ಅಯೋಡಿನ್ ಇಲ್ಲವೆಂದು ತಿಳಿಯಬಾರದು, ಪೊಟ್ಟಣದ ಬರಹ ಓದಬೇಕು. ಇದಲ್ಲದೆ ಸಿ.ಟಿ. ಸ್ಕ್ಯಾನಿಗೆ ಚುಚ್ಚುವ ಬಣ್ಣದ ದ್ರವದಲ್ಲಿ ಅಯೋಡಿನ್ ಧಾರಾಳವಾಗಿರುತ್ತದೆ. ಹಿಂದಿನ ಎರಡು ತಿಂಗಳಲ್ಲಿ ಅಂಥ ಸ್ಕ್ಯಾನ್ ಆಗಿದ್ದರೆ ವೈದ್ಯರಿಗೆ ಹೇಳಲೇಬೇಕು, ಇಲ್ಲವಾದರೆ ದುಬಾರಿ ಔಷಧ ವ್ಯರ್ಥವಾದೀತು.

ಪಥ್ಯಕ್ಕಿಂತ ಕಷ್ಟದ ಭಾಗ ಇನ್ನೊಂದಿದೆ. ಕೋಶಗಳನ್ನು ಎಚ್ಚರಿಸುವ ಟಿ.ಎಸ್.ಎಚ್. ಎಂಬ ಹಾರ್ಮೋನು ರಕ್ತದಲ್ಲಿ ಏರಲೆಂದು ಮೂರು ನಾಲ್ಕು ವಾರ ಥೈರಾಕ್ಸಿನ್ ಮಾತ್ರೆಯನ್ನು ನಿಲ್ಲಿಸುತ್ತಾರೆ. ಆ ಅವಧಿಯಲ್ಲಿ ಮೈ ಭಾರ, ಚಳಿ, ಮಲಬದ್ಧತೆ, ಮಂಕು, ಕಾರಣವಿಲ್ಲದ ಅಳು. ಕೆಲಸ ಮಾಡಲಾಗದ ಹೆಂಗಸನ್ನು ಸೋಮಾರಿಯೆಂದು ಮನೆಯವರು ಗೊಣಗುವುದು ಇದೇ ಸಮಯದಲ್ಲಿ. ಮಾತ್ರೆ ನಿಲ್ಲಿಸದೆಯೇ ಕೆಲಸ ಸಾಧಿಸುವ ಚುಚ್ಚುಮದ್ದಿದೆ. ಅದರ ಬೆಲೆ ಬಡವರ ಕೈಗೆಟಕುವಂಥದ್ದಲ್ಲ.

ಗರ್ಭಿಣಿಯರಿಗೆ ಈ ಚಿಕಿತ್ಸೆ ಸರ್ವಥಾ ನಿಷಿದ್ಧ. ಭ್ರೂಣದ ಥೈರಾಯ್ಡ್ ಕೂಡ ಅಯೋಡಿನ್ ಹೀರಿ ನಾಶವಾದೀತು. ಎದೆಹಾಲು ಕುಡಿಸುವುದನ್ನು ಕನಿಷ್ಠ ಆರು ವಾರ ಮೊದಲೇ ನಿಲ್ಲಿಸಬೇಕು, ಆ ಮಗುವಿಗೆ ಪುನಃ ಕುಡಿಸುವಂತಿಲ್ಲ. ಚಿಕಿತ್ಸೆಯ ಬಳಿಕ ಆರು ತಿಂಗಳಿಂದ ಒಂದು ವರ್ಷದವರೆಗೆ ಗರ್ಭ ಧರಿಸಬಾರದು. ಆ ಬಳಿಕ ಹುಟ್ಟುವ ಮಕ್ಕಳ ಬಗ್ಗೆ ಭಯಪಡಬೇಕಾಗಿಲ್ಲ. ಮದುವೆಯ ಮಾತುಕತೆಯಲ್ಲಿ ಕೊರಳಿನ ಗಾಯದ ಗೆರೆಯನ್ನು ನೋಡಿ ಹಿಂದೆ ಸರಿಯುವವರು ಈ ಮಾತನ್ನು ಗಮನಿಸಬೇಕು.

ಔಷಧ ಬರುವುದು ಸೀಸದ ದಪ್ಪ ಡಬ್ಬಿಯಲ್ಲಿ. ಒಳಗಿರುವುದು ಒಂದು ಕ್ಯಾಪ್ಸೂಲು, ಅಥವಾ ಗುಟುಕು ನೀರಿನಂಥ ದ್ರವ. ನುಂಗುವಾಗ ನೋವಿಲ್ಲ. ಅಳೆಯುವ ಏಕಮಾನ ಮಿಲಿಕ್ಯೂರಿ. ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಚೂರುಗಳನ್ನು ನಾಶಪಡಿಸಲು 30ರಿಂದ 100, ದೂರ ಹರಡಿದ್ದರೆ 100ರಿಂದ 200 ಮಿಲಿಕ್ಯೂರಿ ಕೊಡುವುದು ರೂಢಿ. ಬಳಿಕ ರೋಗಿ ಪ್ರತ್ಯೇಕ ಕೋಣೆಯಲ್ಲಿ ಒಂಟಿಯಾಗಿರಬೇಕು. ಊಟ ಬಾಗಿಲ ಬಳಿ ಬರುತ್ತದೆ, ದಾದಿಯರು ದೂರದಿಂದ ಮಾತನಾಡಿಸುತ್ತಾರೆ. ಅವರು ಅಸ್ಪೃಶ್ಯರಂತೆ ಕಾಣುತ್ತಿದ್ದಾರೆಂದು ಅನೇಕರಿಗೆ ಅನ್ನಿಸುವುದುಂಟು. ಆದರೆ ಆ ದಾದಿಗೆ ನಾಳೆಯೂ ನಾಡಿದ್ದೂ ಇಂಥ ರೋಗಿಗಳೇ. ವರ್ಷವಿಡೀ ಕೂಡಿಕೊಳ್ಳುವ ಪ್ರಮಾಣವನ್ನು ಆಕೆ ತಗ್ಗಿಸಿಕೊಳ್ಳಬೇಕು.

ಗ್ರಂಥಿಯೇ ಇಲ್ಲದ ದೇಹದಲ್ಲಿ ಅಯೋಡಿನ್ನಿಗೆ ಹೆಚ್ಚು ನೆಲೆಯಿಲ್ಲ. ಮೊದಲ ಎರಡು ದಿನಗಳಲ್ಲೇ ಬಹುಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ, ಸ್ವಲ್ಪ ಜೊಲ್ಲು, ಬೆವರುಗಳಲ್ಲಿ. ಧಾರಾಳವಾಗಿ ನೀರು ಕುಡಿಯಬೇಕು, ಗಂಡಸರೂ ಕುಳಿತೇ ಮೂತ್ರ ಮಾಡಬೇಕು, ಎರಡು ಸಲ ನೀರು ಬಿಡಬೇಕು ಎಂಬ ಸೂಚನೆಗಳು ಬಂದದ್ದು ಇದರಿಂದ. ಜೊಲ್ಲಿನ ಗ್ರಂಥಿಗಳೂ ಅಯೋಡಿನ್ ಹೀರುವುದರಿಂದ ಕೆನ್ನೆ ಊದುವುದು, ಬಾಯಿ ಒಣಗುವುದು, ರುಚಿ ಕೆಡುವುದು ಕೆಲವರಿಗೆ ಆಗುತ್ತದೆ. ನಿಂಬೆಹಣ್ಣಿನ ಚೂರು ಚೀಪಲು ಹೇಳುವುದು ಅದಕ್ಕಾಗಿ. ಯಾವಾಗಿನಿಂದ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹೆಚ್ಚಿನ ಪ್ರಮಾಣವನ್ನು ಮತ್ತೆ ಮತ್ತೆ ಪಡೆದವರಲ್ಲಿ ಬೇರೊಂದು ಕ್ಯಾನ್ಸರಿನ ಸಂಭವ ಸ್ವಲ್ಪ ಏರುತ್ತದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ಪರಿಸರದ ಪ್ರಶ್ನೆ ಹುಟ್ಟುವುದು ಆ ಕೋಣೆಯ ಶೌಚಾಲಯದಲ್ಲಿ. ಅಲ್ಲಿಂದ ಹೊರಡುವ ನೀರು ನೇರವಾಗಿ ಊರಿನ ಒಳಚರಂಡಿಗೆ ಸೇರುವಂತಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಹೆಚ್ಚಿನ ಪ್ರಮಾಣದ ಚಿಕಿತ್ಸೆ ನೀಡುವ ಆಸ್ಪತ್ರೆ ಅದಕ್ಕಾಗಿಯೇ ತೊಟ್ಟಿಗಳನ್ನು ಕಟ್ಟಿರಬೇಕು. ಒಂದು ತೊಟ್ಟಿ ತುಂಬಿದರೆ ಅದನ್ನು ಮುಚ್ಚಿ, ನೀರನ್ನು ಇನ್ನೊಂದಕ್ಕೆ ತಿರುಗಿಸುತ್ತಾರೆ. ಮುಚ್ಚಿದ ತೊಟ್ಟಿ ಸುಮ್ಮನೆ ಕಾಯುತ್ತದೆ. ನಲವತ್ತು ದಿನ ಕಾದರೆ ಅಯೋಡಿನ್ ಮೂವತ್ತೆರಡರಲ್ಲಿ ಒಂದು ಪಾಲಿಗೆ, ಎಂಬತ್ತು ದಿನ ಕಾದರೆ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ನಿಗದಿತ ಮಟ್ಟಕ್ಕೆ ಇಳಿದುದನ್ನು ಅಳೆದು ನೋಡಿದ ಮೇಲಷ್ಟೇ ಚರಂಡಿಗೆ. ಇಲ್ಲಿ ಶುದ್ಧೀಕರಣ ಯಂತ್ರವಿಲ್ಲ, ರಾಸಾಯನಿಕವಿಲ್ಲ. ಕಾಲವೇ ಶುದ್ಧಿ ಮಾಡುತ್ತದೆ. ಕಾಯಲು ಬೇಕಾದ ಜಾಗವೂ ಶಿಸ್ತೂ ಮಾತ್ರ ಮನುಷ್ಯರು ಒದಗಿಸಬೇಕಾದುದು. ನಗರಗಳಲ್ಲಿ ಇಂಥ ಹಾಸಿಗೆಗಳು ಕಡಿಮೆಯಿರುವುದಕ್ಕೂ ರೋಗಿಗಳು ವಾರಗಟ್ಟಲೆ ಸರದಿ ಕಾಯುವುದಕ್ಕೂ ಈ ತೊಟ್ಟಿ, ದಪ್ಪ ಗೋಡೆ, ಪರವಾನಗಿಗಳ ವೆಚ್ಚವೇ ಒಂದು ಮುಖ್ಯ ಕಾರಣ.

ಈಗ ವಿಜಯನಗರದ ಆ ಮನೆಗೆ ಮರಳಬಹುದು. ರೋಗಿಯಿಂದ ಒಂದು ಮೀಟರ್ ದೂರದಲ್ಲಿ ವಿಕಿರಣ ಗಂಟೆಗೆ 50 ಮೈಕ್ರೋಸೀವರ್ಟಿಗಿಂತ ಕೆಳಗಿಳಿದ ಬಳಿಕ ಆಸ್ಪತ್ರೆಯಿಂದ ಬಿಡುತ್ತಾರೆ. ಬಹಳಷ್ಟು ರೋಗಿಗಳಲ್ಲಿ ಅದು ಇನ್ನೂ ಕೆಳಗಿರುತ್ತದೆ. ಗರಿಷ್ಠವನ್ನೇ ಹಿಡಿದು ಲೆಕ್ಕ ಹಾಕಿದರೆ, ದೂರ ಅರ್ಧವಾದಾಗ ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಬಸ್ಸಿನ ಪಕ್ಕದ ಸೀಟು ಅರ್ಧ ಮೀಟರ್. ಅಲ್ಲಿ ಗಂಟೆಗೆ ಸುಮಾರು 200. ಎಂಟು ಗಂಟೆಯ ಪ್ರಯಾಣಕ್ಕೆ 1600 ಮೈಕ್ರೋಸೀವರ್ಟ್, ಎಂದರೆ 1.6 ಮಿಲಿಸೀವರ್ಟ್. ಸಾರ್ವಜನಿಕರಿಗೆ ವರ್ಷಕ್ಕೆ ನಿಗದಿಯಾದ ಮಿತಿ 1 ಮಿಲಿಸೀವರ್ಟ್. ಪಕ್ಕದಲ್ಲಿ ಕುಳಿತ ಅಪರಿಚಿತೆ ಗರ್ಭಿಣಿಯಾಗಿದ್ದರೆ? ರಾತ್ರಿ ಬಸ್ ಬೇಡವೆನ್ನುವ ಸೂಚನೆಯ ಹಿಂದಿರುವ ಲೆಕ್ಕ ಇದು. ಅದೇ ರೋಗಿಯಿಂದ ಮೂರು ಮೀಟರ್ ದೂರದಲ್ಲಿ ಗಂಟೆಗೆ ಐದಾರು ಮೈಕ್ರೋಸೀವರ್ಟ್ ಮಾತ್ರ. ಭೂಮಿ ಆಕಾಶಗಳಿಂದ ಮನುಷ್ಯರಿಗೆ ಸಹಜವಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಅಂಕಿಗಳ ಅಂದಾಜು ಸಿಗುತ್ತದೆ.

ಹೀಗಾಗಿ ಮನೆಯಲ್ಲಿ ಬೇಕಾದುದು ಅಂತರ ಮತ್ತು ಕೆಲವು ದಿನಗಳ ತಾಳ್ಮೆ. ರೋಗಿಗೆ ಪ್ರತ್ಯೇಕ ಹಾಸಿಗೆ, ತಟ್ಟೆ ಲೋಟ, ಟವೆಲು. ಬಟ್ಟೆಯನ್ನು ಬೇರೆಯಾಗಿ ಒಗೆಯುವುದು. ಬಾಗಿಲ ಬಳಿ ನಿಂತು ನಾಲ್ಕು ಮಾತನಾಡಿದರೆ, ಊಟ ಬಡಿಸಿ ಹೋದರೆ ಏನೂ ಆಗದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು ಮಾತ್ರ ಕೂಡದು. ಎಷ್ಟು ದಿನ ಎಂಬುದು ಕೊಟ್ಟ ಪ್ರಮಾಣವನ್ನೂ ಉಳಿದದ್ದನ್ನೂ ಅವಲಂಬಿಸುತ್ತದೆ. ದೊಡ್ಡವರಿಗೆ ಒಂದು ವಾರ ಸಾಕಾದರೆ ಮಕ್ಕಳಿಗೂ ಗರ್ಭಿಣಿಯರಿಗೂ ಎರಡು ಮೂರು ವಾರ ಹೇಳುವುದುಂಟು. 20×30 ಅಡಿಯ ಮನೆಯಲ್ಲಿ ಈ ಅಂತರ ದುರ್ಲಭ. ಬಹುಶಃ ರೋಗಿಯ ಬದಲು ತಮ್ಮನ ಹೆಂಡತಿಯೂ ಮಗುವೂ ತವರಿಗೆ ಹೋಗುವುದೇ ಸುಲಭದ ದಾರಿ. ಇಲ್ಲವೇ ಕೆಂಗೇರಿಯಂಥ ಕಡೆ ಒಂದು ಕೋಣೆಯನ್ನು ವಾರದ ಮಟ್ಟಿಗೆ ಹಿಡಿಯಬೇಕು. ಹಾಗೆ ಹಿಡಿಯುವಾಗ ಮಾಲೀಕರಿಗೆ ಸತ್ಯ ಹೇಳಬೇಕು, ಹೇಳಿದರೆ ಕೋಣೆ ಸಿಗದು ಎಂಬ ಇಕ್ಕಟ್ಟು ಬೇರೆ. ಆಸ್ಪತ್ರೆಗಳ ಬಳಿ ಇಂಥವರಿಗೆಂದೇ ನಾಲ್ಕು ಕೋಣೆಗಳ ತಂಗುಮನೆ ಕಟ್ಟಲು ದೊಡ್ಡ ಅನುದಾನವೇನೂ ಬೇಡ. ಧರ್ಮಛತ್ರಗಳನ್ನು ಕಟ್ಟಿಸಿದ ನಾಡಿನಲ್ಲಿ ಇದೊಂದು ಯಾರಿಗೂ ತೋಚದಿರುವುದು ಸೋಜಿಗ.

ಆ ಮನೆಯ ಬಚ್ಚಲಿನಿಂದ ಹರಿಯುವ ನೀರಿನ ದಾರಿಯೂ ತಿಳಿಯತಕ್ಕದ್ದು. ಬಿಡುಗಡೆಯ ಬಳಿಕವೂ ದೇಹದಲ್ಲಿ ಉಳಿದ ಅಯೋಡಿನ್ ಮನೆಯ ಶೌಚಾಲಯದ ಮೂಲಕ ಹೋಗುತ್ತದೆ, ಅದಕ್ಕೆ ಕಾಯುವ ತೊಟ್ಟಿಯಿಲ್ಲ. ಪಶ್ಚಿಮ ಬೆಂಗಳೂರಿನ ಚರಂಡಿಗಳು ಇಳಿಯುವುದು ವೃಷಭಾವತಿಯ ಕಣಿವೆಗೆ. ಬಸವನಗುಡಿ, ಮಲ್ಲೇಶ್ವರಗಳ ದಿಣ್ಣೆಗಳಲ್ಲಿ ಹುಟ್ಟಿ, ರಾಜಾಜಿನಗರ, ವಿಜಯನಗರಗಳ ಕೊಳೆಯನ್ನು ಕೂಡಿಸಿಕೊಂಡು, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಿಂದ ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುವ ನದಿ ಅದು. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಮೇಲಕ್ಕೆತ್ತಿ ತಂದು, ಬಳಸಿ, ಕೊಳೆಯಾಗಿಸಿ ಪುನಃ ಕಾವೇರಿಗೇ ಕಳುಹಿಸುವ ಈ ಸುತ್ತು ಬೆಟ್ಟದವರಿಗೂ ಸಂಬಂಧಿಸಿದ್ದೇ.

ಜಗತ್ತಿನ ಅನೇಕ ನಗರಗಳ ಕೊಳಚೆ ಶುದ್ಧೀಕರಣ ಘಟಕಗಳ ಕೆಸರಿನಲ್ಲಿ ಅಯೋಡಿನ್-131ರ ಸೂಕ್ಷ್ಮ ಅಂಶಗಳು ಪತ್ತೆಯಾಗಿವೆ. ಅಣುಸ್ಥಾವರ ಸಮೀಪದಲ್ಲಿ ಇರದ ಊರುಗಳಲ್ಲೂ ಹೀಗಾದುದರಿಂದ ಮೂಲ ರೋಗಿಗಳೇ ಎಂಬುದು ಸ್ಪಷ್ಟ. ಒಂದು ಮನೆಯಿಂದ ಹೊರಟ ಉಳಿಕೆ ಕೋಟಿಗಟ್ಟಲೆ ಲೀಟರ್ ನೀರಿನಲ್ಲಿ ಕರಗಿ, ದಿನದಿಂದ ದಿನಕ್ಕೆ ಕ್ಷಯಿಸುತ್ತದೆ. ವೃಷಭಾವತಿಯನ್ನು ಕೊಂದದ್ದು ಅದಲ್ಲ. ಕಾರ್ಖಾನೆಗಳ ಸೀಸ, ಕ್ರೋಮಿಯಂ, ನಿಕ್ಕಲ್‌ಗಳು, ಸಾಬೂನಿನ ನೊರೆ, ಸಂಸ್ಕರಿಸದ ಮಲ ಅದನ್ನು ಕೊಂದವು. ಸೀಸಕ್ಕೆ ಅರ್ಧಾಯುವಿಲ್ಲ, ಎಂಬತ್ತು ದಿನವಲ್ಲ, ಎಂಟುನೂರು ವರ್ಷ ಕಾದರೂ ಕೆರೆಯ ಕೆಸರಿನಲ್ಲಿ ಅದು ಸೀಸವಾಗಿಯೇ ಇರುತ್ತದೆ. ಆದರೂ ಆಸ್ಪತ್ರೆಯ ತೊಟ್ಟಿಯ ಪ್ರಶ್ನೆಯನ್ನು ಕೈಬಿಡಲಾಗದು. ಒಂದು ಮನೆಯ ಉಳಿಕೆ ಬೇರೆ, ವಾರಕ್ಕೆ ಹಲವು ರೋಗಿಗಳ ಪೂರ್ಣ ಪ್ರಮಾಣ ಬೇರೆ. ಬೈರಮಂಗಲದ ಕೆಳಗೆ ಅದೇ ನೀರಿನಲ್ಲಿ ಮೇವಿನ ಹುಲ್ಲು ಬೆಳೆಯುತ್ತದೆ, ಹಸುಗಳು ಮೇಯುತ್ತವೆ. ಹುಲ್ಲಿನಿಂದ ಹಾಲಿಗೆ ಹೋಗುವ ದಾರಿ ಅಯೋಡಿನ್ನಿಗೆ ಗೊತ್ತಿರುವ ದಾರಿ. ತೊಟ್ಟಿ ಎಷ್ಟು ದಿನ ಮುಚ್ಚಿತ್ತು, ಬಿಡುವ ಮೊದಲು ಅಳೆದವರು ಯಾರು, ಆ ದಾಖಲೆ ಎಲ್ಲಿದೆ ಎಂದು ಆಸ್ಪತ್ರೆಗಳನ್ನೂ ಮಂಡಳಿಯನ್ನೂ ಕೇಳುವುದು ನಾಗರಿಕರ ಹಕ್ಕು. ಸರ್ಕಾರಿ ಸಂಸ್ಥೆಗಳಿಂದ ಮಾಹಿತಿ ಪಡೆಯಲು 2005ರ ಮಾಹಿತಿ ಹಕ್ಕು ಕಾಯಿದೆಯೂ ಇದೆ.

ಊರಿಗೆ ಮರಳಿದ ಬಳಿಕ ನಡೆಯುವುದು ಬೇರೆ ಬಗೆಯದು. ವಿಕಿರಣ ಹೊತ್ತು ಬಂದಿದ್ದಾಳೆ, ಬಾವಿಗೆ ಇಳಿಯುತ್ತದೆ, ಹಾಲು ಕೆಡುತ್ತದೆ ಎಂಬ ಗುಸುಗುಸು ಹಬ್ಬಿದರೆ ಒಂಟಿ ಕೋಣೆಯ ಮೂರು ದಿನ ಮೂರು ವರ್ಷಗಳಾಗುತ್ತವೆ. ಒಂದೆರಡು ವಾರಗಳ ಬಳಿಕ ಬಂದವರ ದೇಹದಲ್ಲಿ ಉಳಿದಿರುವುದು ಬಹಳ ಅಲ್ಪ. ಶೌಚಾಲಯವನ್ನೇ ಬಳಸಬೇಕು, ಹಳ್ಳದ ಬದಿಗೆ ಹೋಗಬಾರದು. ಗುಂಡಿಗೆ ಬಿದ್ದದ್ದು ಗುಂಡಿಯಲ್ಲೇ ಕ್ಷಯಿಸುತ್ತದೆ. ಜಂಬಿಟ್ಟಿಗೆಯ ನೆಲದಲ್ಲಿ ನೀರು ಬೇಗ ಇಳಿಯುವುದರಿಂದ ಬಾವಿಗೆ ತೀರಾ ಹತ್ತಿರದ ಗುಂಡಿ ಎಂದಿಗೂ ಒಳ್ಳೆಯದಲ್ಲ, ಅದಕ್ಕೆ ಅಯೋಡಿನ್ನಿಗಿಂತ ಮೊದಲು ಕಾಮಾಲೆ, ಆಮಶಂಕೆಗಳೇ ಕಾರಣವಾಗಬೇಕಿತ್ತು. ಹಸುವಿಗೂ ಈ ರೋಗಿಗೂ ಯಾವ ನಂಟೂ ಇಲ್ಲ. ಆಕೆ ದೇವಸ್ಥಾನದ ಊಟದ ಪಂಕ್ತಿಗೆ ಯಾವ ದಿನದಿಂದ ಬರಬಹುದು ಎಂಬುದನ್ನು ಸೂಚನಾಪತ್ರ ನೋಡಿ ಹೇಳಬಹುದು. ಆ ದಿನ ಬಂದ ಮೇಲೂ ಎಲೆಯನ್ನು ದೂರ ಹಾಕಿದರೆ ಅದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ.

ಇನ್ನೊಂದು ಮಾತು ಚಿಕಿತ್ಸೆಗೆ ಮೊದಲೇ ಕೇಳಬೇಕಾದದ್ದು. ಶಸ್ತ್ರಚಿಕಿತ್ಸೆಯಾದ ಎಲ್ಲರಿಗೂ ಇದು ಬೇಕೇ? ಹಿಂದೆ ಬಹುತೇಕ ಎಲ್ಲರಿಗೂ 100 ಮಿಲಿಕ್ಯೂರಿ ಕೊಡುತ್ತಿದ್ದರು. 2012ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳಲ್ಲಿ ನಡೆದ ಎರಡು ಅಧ್ಯಯನಗಳು, ಅಪಾಯ ಕಡಿಮೆಯಿರುವವರಲ್ಲಿ ಉಳಿದ ಚೂರನ್ನು ನಾಶಪಡಿಸಲು 30 ಮಿಲಿಕ್ಯೂರಿಯೇ ಸಾಕೆಂದು ತೋರಿಸಿದವು. 2022ರಲ್ಲಿ ಫ್ರಾನ್ಸಿನ ಇನ್ನೊಂದು ಅಧ್ಯಯನ ಇನ್ನೂ ಮುಂದೆ ಹೋಯಿತು: ಗಂಟು ಸಣ್ಣದಿದ್ದು, ಹರಡದಿದ್ದ 776 ಜನರಲ್ಲಿ ಅಯೋಡಿನ್ ಪಡೆದವರಿಗೂ ಪಡೆಯದವರಿಗೂ ಮೂರು ವರ್ಷಗಳ ಬಳಿಕ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹರಡಿದ್ದವರಿಗೆ, ಗಂಟು ಗ್ರಂಥಿಯ ಹೊರಕ್ಕೆ ಬೆಳೆದಿದ್ದವರಿಗೆ ಇದು ಅನ್ವಯಿಸದು. ಅವರಿಗೆ ಅಯೋಡಿನ್ ಇಂದಿಗೂ ಪ್ರಾಣರಕ್ಷಕ. ಇನ್ನು ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರ ಕೊರಳಿಗೂ ಸ್ಕ್ಯಾನ್ ಮಾಡುವ ರೂಢಿ ಹಬ್ಬಿ, 1993ರಿಂದ 2011ರ ಒಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಹದಿನೈದು ಪಟ್ಟಾಯಿತು. ಸಾವಿನ ಸಂಖ್ಯೆ ಮಾತ್ರ ಬದಲಾಗಲಿಲ್ಲ. ರೋಗಲಕ್ಷಣವಿಲ್ಲದೆ ರಿಯಾಯಿತಿ ದರದ ಪೂರ್ಣ ದೇಹ ತಪಾಸಣೆಗೆ ನಗರಕ್ಕೆ ಓಡುವವರು ಈ ದೇಶದ ಅನುಭವವನ್ನು ಗಮನಿಸಬೇಕು. ಕೊರಳಿನಲ್ಲಿ ಕೈಗೆ ಸಿಗುವ ಗಂಟು, ಬದಲಾದ ಧ್ವನಿ, ನುಂಗಲು ತೊಡಕು ಇದ್ದವರು ತಡಮಾಡದೆ ತೋರಿಸಿಕೊಳ್ಳಬೇಕಾದುದು ಬೇರೆ ವಿಷಯ.

ವೈದ್ಯರ ಮುಂದೆ ಕುಳಿತಾಗ ತನ್ನದು ಯಾವ ಬಗೆ, ಅಪಾಯ ಎಷ್ಟು, ಅಯೋಡಿನ್ ಕೊಡದಿದ್ದರೆ ಏನಾದೀತು, ಎಷ್ಟು ಮಿಲಿಕ್ಯೂರಿ ಎಂದು ಕೇಳಲು ರೋಗಿ ಹಿಂಜರಿಯಬೇಕಿಲ್ಲ. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವೆಚ್ಚ ಸಿಗುವುದೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಬೇಕು. ಕಾರ್ಖಾನೆಯಲ್ಲಿ ದುಡಿಯುವ ವಿಮಾದಾರರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ, ಚಿಕಿತ್ಸೆ ಬೇರೆಡೆಯಾಗುವುದಿದ್ದರೂ, ಮೊದಲು ಶಿಫಾರಸು ಪತ್ರ ಪಡೆಯಬೇಕು. ಹಾಸಿಗೆಯ ಸರದಿ ಬರುವ ಮೊದಲೇ ಉಪ್ಪು, ತಂಗುವ ಕೋಣೆ, ಮರಳುವ ವಾಹನ ಮೂರನ್ನೂ ಗೊತ್ತುಮಾಡಿಕೊಂಡಿರಬೇಕು. ಕಾರಿನಲ್ಲಿ ಬರುವುದಾದರೆ ರೋಗಿ ಹಿಂದಿನ ಸೀಟಿನಲ್ಲಿ, ಚಾಲಕನಿಗೆ ಎದುರು ಮೂಲೆಯಲ್ಲಿ.

ಆ ಬಳಿಕ ಉಳಿಯುವುದು ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಥೈರಾಕ್ಸಿನ್ ಮಾತ್ರೆ, ಜೀವನಪರ್ಯಂತ. ಕೆಲವು ತಿಂಗಳಿಗೊಮ್ಮೆ ಥೈರೋಗ್ಲಾಬ್ಯುಲಿನ್ ಎಂಬ ರಕ್ತಪರೀಕ್ಷೆ. ಅದು ಏರದಿದ್ದರೆ ರೋಗ ಮರಳಿರುವ ಸಂಭವ ಕಡಿಮೆಯೆಂದು ಅರ್ಥ. ಆ ಪರೀಕ್ಷೆಗೆ ಕೊಪ್ಪದ ಗೃಹಿಣಿ ಅದೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬಹುದು, ಪಕ್ಕದ ಸೀಟಿನಲ್ಲಿ ಯಾರು ಬೇಕಾದರೂ ಕೂರಬಹುದು. ವಿಜಯನಗರದಲ್ಲಿ ತಮ್ಮನ ಹೊಸ ಮಗುವನ್ನು ಎತ್ತಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.